ಒತ್ತಿದ್ದರಲ್ಲಿ ಒಂದಿಷ್ಟು ವಾಪಸ್!

ಭದ್ರಾವತಿಯ ಉಕ್ಕು, ಕಬ್ಬಿನ ಸಿಪ್ಪೆ, ಮಾಚೇನಹಳ್ಳಿಯ ಎರಕದ ಮರಳು, ಶಿವಮೊಗ್ಗದ ಅಡಿಕೆ ಹಾಳೆ. ಯಾವುದನ್ನೇ ಒತ್ತಿ ನೋಡಿ, ಕೈ ತೆಗೆದ ಕೂಡಲೇ ಅದು ತನ್ನ ಹಳೆಯ ಆಕಾರದತ್ತ ಒಂದು ಹೆಜ್ಜೆ ಹಿಂದಿರುಗುತ್ತದೆ. ಕಾರ್ಖಾನೆಗಳ ಎಷ್ಟೋ ಜಾಣತನ ಅಡಗಿರುವುದು ಆ ಒಂದು ಹೆಜ್ಜೆಯ ಲೆಕ್ಕದಲ್ಲಿ!

ಉಕ್ಕು ಕುಗ್ಗುತ್ತದೆ. ಹೌದು, ಉಕ್ಕೇ!

ಒಂದು ಮೀಟರ್ ಉದ್ದದ, ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತದ ಸಲಾಕೆಯೊಂದನ್ನು ನೆಟ್ಟಗೆ ನಿಲ್ಲಿಸಿ. ಪಕ್ಕಕ್ಕೆ ಬಾಗದಂತೆ ಸುತ್ತ ಆಧಾರ ಕೊಡಿ. ಈಗ ತಲೆಯ ಮೇಲೆ ಎರಡು ಟನ್ ಹೇರಿ, ಅಂದರೆ ಇಪ್ಪತ್ತು ಕ್ವಿಂಟಾಲ್ ಅಡಿಕೆಯ ಭಾರ. ಸಲಾಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಕುಳ್ಳಗಾಗುತ್ತದೆ! ಭಾರ ಇಳಿಸಿ. ಮಾಯವಾಗಿದ್ದ ಮಿಲಿಮೀಟರ್ ತಟ್ಟನೆ ಪ್ರತ್ಯಕ್ಷ! ಕೂದಲೆಳೆಯಷ್ಟೂ ಬಾಕಿ ಉಳಿಸಿಕೊಳ್ಳದೆ ಪೂರ್ತಿ ವಾಪಸ್. ಮತ್ತೆ ಹೇರಿ, ಮತ್ತೆ ಇಳಿಸಿ, ಸಾವಿರ ಸಲ ಮಾಡಿ. ಪ್ರತಿ ಸಲವೂ ಅದೇ ಮಿಲಿಮೀಟರ್ ಹೋಗುತ್ತದೆ, ಅದೇ ಮಿಲಿಮೀಟರ್ ಬರುತ್ತದೆ.

ಆ ಮಿಲಿಮೀಟರ್ ಎಲ್ಲಿಗೆ ಹೋಗಿತ್ತು? ಕಬ್ಬಿಣದಲ್ಲಿ ಅಕ್ಕಪಕ್ಕದ ಎರಡು ಪರಮಾಣುಗಳ ನಡುವಿನ ದೂರ ಒಂದು ಮಿಲಿಮೀಟರಿನ 40 ಲಕ್ಷದ ಒಂದು ಭಾಗದಷ್ಟು. ಒಂದು ಮೀಟರ್ ಸಲಾಕೆಯಲ್ಲಿ ಇಂಥ 400 ಕೋಟಿ ಸಂದುಗಳು ಒಂದರ ಮೇಲೊಂದು! ಎರಡು ಟನ್ ಭಾರ ಬಿದ್ದಾಗ ಪ್ರತಿಯೊಂದು ಸಂದೂ ತನ್ನ ಸಾವಿರದ ಒಂದು ಪಾಲನ್ನು ಬಿಟ್ಟುಕೊಡುತ್ತದೆ. ಯಾವ ಪರಮಾಣುವೂ ಜಾಗ ಬದಲಿಸುವುದಿಲ್ಲ, ನೆರೆಯವರು ಅದೇ ನೆರೆಯವರು, ಮಧ್ಯದ ಅಂತರ ಮಾತ್ರ ಚೂರು ಕಮ್ಮಿ. ಒತ್ತಡ ಸರಿದದ್ದೇ ತಡ, 400 ಕೋಟಿ ಸಂದುಗಳೂ ಒಟ್ಟಿಗೆ ಮೈಮುರಿದು ಮೊದಲಿನ ಅಳತೆಗೆ ಬಂದು ನಿಲ್ಲುತ್ತವೆ.

ಇದೇ ಸ್ಥಿತಿಸ್ಥಾಪಕತೆ. ಇಂಗ್ಲೆಂಡಿನ ರಾಬರ್ಟ್ ಹುಕ್‌ಗೆ ಇದರ ಗುಟ್ಟು ಸಿಕ್ಕಾಗ ಬೇರೆ ಯಾರಾದರೂ ಕದ್ದಾರೆಂದು 1676ರಲ್ಲಿ ಅಕ್ಷರಗಳನ್ನೆಲ್ಲ ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ! ಎರಡು ವರ್ಷ ಬಿಟ್ಟು 1678ರಲ್ಲಿ ತಾನೇ ಒಗಟು ಬಿಡಿಸಿದ. ಬಲ ಎಷ್ಟು ಹೆಚ್ಚಿತೋ ಹಿಗ್ಗುವಿಕೆಯೂ ಅಷ್ಟೇ ಪಾಲಿನಲ್ಲಿ ಹೆಚ್ಚುತ್ತದೆ. ಒಂದೇ ಸಾಲಿನ ನಿಯಮ. ಆ ಒಂದು ಸಾಲು ಭದ್ರಾವತಿಯಿಂದ ಶಿವಮೊಗ್ಗದವರೆಗಿನ ರಸ್ತೆಯುದ್ದಕ್ಕೂ ಹೇಗೆಲ್ಲ ಆಟ ಆಡಿಸುತ್ತಿದೆ, ನೋಡುತ್ತ ಹೋಗೋಣ ಬನ್ನಿ. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಅಷ್ಟರೊಳಗೆ ವಸ್ತುವಿಜ್ಞಾನದ ಒಂದು ಇಡೀ ಅಧ್ಯಾಯ!

ಬಗ್ಗಿದ ಮೇಲೂ ಬಿಡದ ಪಟ್ಟು

ಮೊದಲು ಒಂದು ಕುತೂಹಲ ತೀರಿಸಿಕೊಳ್ಳಬೇಕು. ಒತ್ತಿದ್ದೆಲ್ಲ ವಾಪಸ್ ಬರುವುದಾದರೆ ಕಬ್ಬಿಣದಿಂದ ಏನನ್ನಾದರೂ ಮಾಡುವುದು ಹೇಗೆ? ಕುಡುಗೋಲು ಬಾಗಿ ನಿಂತಿದೆಯಲ್ಲ, ನೆಟ್ಟಗಾಗದೆ!

ಪ್ರತಿ ಲೋಹಕ್ಕೂ ಒಂದು ಮಿತಿ ಇದೆ. ಸಾಧಾರಣ ಮೆದು ಉಕ್ಕಿಗೆ ಅದು ಚದರ ಮಿಲಿಮೀಟರಿಗೆ 250 ನ್ಯೂಟನ್ ಆಸುಪಾಸು. ಅದನ್ನು ದಾಟಿದಿರೋ, ಪರಮಾಣುಗಳು ನೆರೆ ಬದಲಿಸತೊಡಗುತ್ತವೆ. ಸಾಲಿಗೆ ಸಾಲೇ ಒಮ್ಮೆಲೇ ಜಾರಬೇಕಾದರೆ ಲೆಕ್ಕದ ಪ್ರಕಾರ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬಲ ಬೇಕಿತ್ತು. ಮತ್ತೆ ಇಷ್ಟು ಸುಲಭವಾಗಿ ಬಗ್ಗುವುದೇಕೆ? 1934ರಲ್ಲಿ ಜೆಫ್ರಿ ಟೇಲರ್, ಎಗೊನ್ ಓರೊವಾನ್, ಮೈಕೆಲ್ ಪೊಲಾನ್ಯಿ ಮೂವರೂ ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು, ಅದೂ ಒಂದೇ ವರ್ಷದಲ್ಲಿ! ಹರಳಿನ ಸಾಲುಗಳಲ್ಲಿ ಅಲ್ಲಲ್ಲಿ ಕೊರತೆಗಳಿರುತ್ತವೆ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ಸರದಿಯನ್ನು ನೆನೆಯಿರಿ. ಮುಂದಿನವರೊಬ್ಬರು ಒಂದು ಹೆಜ್ಜೆ ಸರಿದರೆ ಅಲ್ಲೊಂದು ತೆರಪು. ಹಿಂದಿನವರು ಅದನ್ನು ತುಂಬಿದರೆ ತೆರಪು ಅವರ ಹಿಂದಕ್ಕೆ. ಹೀಗೆ ತೆರಪು ಸರದಿಯ ಕೊನೆಯವರೆಗೂ ಸಾಗುತ್ತದೆ, ಯಾರೂ ಒಂದು ಹೆಜ್ಜೆಗಿಂತ ಹೆಚ್ಚು ನಡೆದಿರುವುದಿಲ್ಲ, ಆದರೆ ಸರದಿ ಪೂರ್ತಿ ಮುಂದೆ ಸರಿದಿರುತ್ತದೆ. ಲೋಹ ಬಗ್ಗುವುದೂ ಹೀಗೆಯೇ, ಒಂದೊಂದೇ ಸಂದು ಜಾರುತ್ತ. ಹೀಗೆ ಜಾರಿದ್ದು ಮತ್ತೆ ಹಿಂದಿರುಗುವುದಿಲ್ಲ.

ಆದರೆ, ಆದರೆ! ಮಿತಿ ದಾಟಿ ಎಷ್ಟೇ ಬಗ್ಗಿಸಿ, ಚಪ್ಪಟೆ ಮಾಡಿ, ಹಿಸುಕಿ. ಕೈ ಬಿಟ್ಟ ಕ್ಷಣ ಮೊದಲಿನ ಆ ಸ್ಥಿತಿಸ್ಥಾಪಕ ಪಾಲು ಮಾತ್ರ ಬಂದೇ ಬರುತ್ತದೆ. ಜಾರಿದ ಪರಮಾಣುಗಳು ಹೊಸ ಜಾಗದಲ್ಲೇ ಉಳಿದರೂ, ಆ ಹೊಸ ಜಾಗದಲ್ಲೂ ಅವುಗಳ ನಡುವಿನ ಸಂದು ಬಿಗಿಹಿಡಿದೇ ಇತ್ತು, ಅದು ಈಗ ಸಡಿಲಾಗುತ್ತದೆ. ವರ್ಕ್‌ಶಾಪಿನವರ ಬಾಯಲ್ಲಿ ಇದು ಸ್ಪ್ರಿಂಗ್‌ಬ್ಯಾಕ್. ಎಷ್ಟು ವಾಪಸ್ ಬರುತ್ತದೆ? ಲೆಕ್ಕ ಬೆರಗಾಗುವಷ್ಟು ಸರಳ. ವಸ್ತುವಿನ ಬಲವನ್ನು, ಅಂದರೆ ಆ ಮಿತಿಯನ್ನು, ಅದರ ಬಿಗುವಿನಿಂದ, ಅಂದರೆ ಹಿಗ್ಗು-ಕುಗ್ಗನ್ನು ತಡೆಯುವ ಗುಣದಿಂದ, ಭಾಗಿಸಿ, ಅಷ್ಟೇ. ಉಕ್ಕಿನ ಬಿಗುವು ಚದರ ಮಿಲಿಮೀಟರಿಗೆ ಸುಮಾರು 2 ಲಕ್ಷ ನ್ಯೂಟನ್. 250ನ್ನು 2 ಲಕ್ಷದಿಂದ ಭಾಗಿಸಿದರೆ ಒಂದು ಮೀಟರಿಗೆ ಒಂದೂಕಾಲು ಮಿಲಿಮೀಟರ್. ಯಾರೂ ತಪ್ಪಿಸಲಾಗದ ಹಿಂಬಾಕಿ ಅದು!

ಬೆಂಕಿಗೆ ಬಿದ್ದರೆ ಮರೆವು

ಈಗ ಭದ್ರಾವತಿ. ಆಗಿನ ಬೆಂಕಿಪುರ. ಕೆಮ್ಮಣ್ಣುಗುಂಡಿಯ ಅದಿರು, ಪಕ್ಕದಲ್ಲೇ ಸುಣ್ಣದಕಲ್ಲು, ಸುತ್ತ ಮಲೆನಾಡಿನ ಕಾಡು, ಕಾಲಬುಡದಲ್ಲಿ ಭದ್ರಾ ನದಿ. ಕಲ್ಲಿದ್ದಲು ಮಾತ್ರ ಇಲ್ಲ. ಇಲ್ಲದಿದ್ದರೇನಂತೆ, ಕಟ್ಟಿಗೆಯ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುತ್ತೇವೆಂದು ಮೈಸೂರು ಸಂಸ್ಥಾನ ಹೊರಟೇಬಿಟ್ಟಿತು! 1918ರಲ್ಲಿ ಶುರುವಾದ ಯೋಜನೆ, 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕುಂಟುತ್ತಿದ್ದ ಕಾರ್ಖಾನೆಯನ್ನು ಹಳಿಗೆ ತಂದರು. 1936ರಲ್ಲಿ ಉಕ್ಕು ತಯಾರಿಕೆಯೂ ಸೇರಿತು. ಆಮೇಲೆ ವಿಶ್ವೇಶ್ವರಯ್ಯನವರ ಹೆಸರೇ ಕಾರ್ಖಾನೆಗೆ ಬಂತು, ವಿಶೇಷ ಮಿಶ್ರಲೋಹ ಉಕ್ಕುಗಳಿಗೆ ಅದು ಹೆಸರುವಾಸಿಯಾಯಿತು, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಮೊದಲಿನ ಅಬ್ಬರ ಇಂದು ಅಲ್ಲಿಲ್ಲ, ಆ ನೋವು ಊರಿಗೆ ಊರೇ ಬಲ್ಲದು. ಆದರೆ ಉಕ್ಕಿಗೆ ರೂಪ ಕೊಡುವ ವಿದ್ಯೆ ಈ ನೆಲಕ್ಕೆ ಕಾಲಿಟ್ಟದ್ದು ಆ ಗೇಟಿನಿಂದಲೇ.

ರೋಲಿಂಗ್ ಮಿಲ್ಲಿನ ಒಳಗಿನ ಮೊದಲ ಸೋಜಿಗ: ಕೆಂಡದಂಥ ಉಕ್ಕಿಗೆ ಹಟವೇ ಇಲ್ಲ! ಸಾವಿರ ಡಿಗ್ರಿ ದಾಟಿದ ಉಕ್ಕಿನ ಗಟ್ಟಿಯು ರೋಲರುಗಳ ನಡುವೆ ನುಗ್ಗುವಾಗ ಅದರ ಬಲವೆಲ್ಲ ಸೋರಿಹೋಗಿರುತ್ತದೆ. ಬಿಗುವೂ ತಗ್ಗಿರುತ್ತದೆ ನಿಜ, ಆದರೆ ಬಲ ಅದಕ್ಕಿಂತ ಹೆಚ್ಚು ಕುಸಿದಿರುತ್ತದೆ. ಬಲವನ್ನು ಬಿಗುವಿನಿಂದ ಭಾಗಿಸುವ ನಮ್ಮ ಲೆಕ್ಕದಲ್ಲಿ ಮೇಲಿನ ಅಂಕಿಯೇ ಕರಗಿದ ಮೇಲೆ ವಾಪಸ್ ಬರಲು ಏನು ಉಳಿಯಿತು? ಹೇಳಿದ ಆಕಾರಕ್ಕೆ ಹೇಳಿದ ಹಾಗೆ ಬಂದು ನಿಲ್ಲುತ್ತದೆ. ಬಿಸಿಯೆಂದರೆ ಮರೆವು. ಈ ಸೂತ್ರವನ್ನು ಕಟ್ಟಿಟ್ಟುಕೊಳ್ಳಿ, ಮುಂದೆ ಅಡಿಕೆ ತೋಟದಲ್ಲಿ ಬೇಕಾಗುತ್ತದೆ!

ಎರಡನೆಯದು ಇನ್ನೂ ಮಜಾ. ರೋಲರುಗಳ ನಡುವೆ ಹತ್ತು ಮಿಲಿಮೀಟರ್ ಸಂದು ಇಟ್ಟಿರಿ ಅನ್ನಿ, ಹೊರಬರುವ ಪಟ್ಟಿ ಹತ್ತಕ್ಕಿಂತ ದಪ್ಪ! ಉಕ್ಕು ಹಿಗ್ಗಿತೇ? ಅಲ್ಲ, ಮಿಲ್ಲೇ ಹಿಗ್ಗಿತು! ರೋಲರುಗಳನ್ನು ಹಿಡಿದಿರುವ ಆಳೆತ್ತರದ ಚೌಕಟ್ಟು, ಗೋಡೆಗಿಂತ ದಪ್ಪದ ಕಬ್ಬಿಣ, ನೂರಾರು ಟನ್ ಬಲ ಬಿದ್ದಾಗ ತಾನೂ ಎಳೆದುಕೊಳ್ಳುತ್ತದೆ. ದೊಡ್ಡ ಮಿಲ್ಲುಗಳಲ್ಲಿ ಇದು ಮಿಲಿಮೀಟರಿನ ಆಸುಪಾಸಿಗೂ ಬರುತ್ತದೆ. ಒತ್ತಿಸಿಕೊಳ್ಳುವವನಿಗೆ ಅನ್ವಯಿಸುವ ಹುಕ್‌ನ ನಿಯಮ ಒತ್ತುವವನನ್ನು ಬಿಟ್ಟೀತೇ? ಹಾಗಾಗಿ ಮಿಲ್ ನಡೆಸುವವರು ಬೇಕಾದ ದಪ್ಪಕ್ಕಿಂತ ಚೂರು ಕಮ್ಮಿ ಸಂದು ಇಟ್ಟೇ ಶುರುಮಾಡುತ್ತಾರೆ.

ಮೂರನೆಯದು ತಣ್ಣಗಾದ ಮೇಲಿನ ಕತೆ. ಸರಳು ತಣಿಯುವಾಗ ಒಂದಿಷ್ಟು ಡೊಂಕಾಗುತ್ತದೆ. ಡೊಂಕಾದದ್ದನ್ನು ನೆಟ್ಟಗೆ ಮಾಡಬೇಕಾದರೆ ನೆಟ್ಟಗಾಗುವಷ್ಟೇ ಒತ್ತಿದರೆ ಪ್ರಯೋಜನವಿಲ್ಲ, ಬಿಟ್ಟೊಡನೆ ಮತ್ತೆ ಡೊಂಕು. ಆದ್ದರಿಂದ ನೇರಮಾಡುವ ಯಂತ್ರ ಸರಳನ್ನು ಆಚೆ ಬದಿಗೆ ಬೇಕೆಂದೇ ಹೆಚ್ಚು ಬಗ್ಗಿಸುತ್ತದೆ, ಆಮೇಲೆ ಈಚೆಗೆ, ಮತ್ತೆ ಆಚೆಗೆ, ಸಲಸಲಕ್ಕೂ ಬಾಗು ಕಮ್ಮಿ ಮಾಡುತ್ತ. ಕೊನೆಯ ರೋಲರ್ ದಾಟಿ ಹೊರಬಂದಾಗ ಸರಳು ತಾನಾಗಿ ವಾಪಸ್ ಬರುವ ಜಾಗವೇ ನೇರದ ಜಾಗ! ಡೊಂಕು ಮಾಡಿ ಮಾಡಿಯೇ ನೆಟ್ಟಗೆ ಮಾಡುವ ಈ ಚಮತ್ಕಾರಕ್ಕೆ ಏನನ್ನೋಣ?

ಗಟ್ಟಿಯಾದಷ್ಟೂ ಹಟ ಹೆಚ್ಚು

ಶಿವಮೊಗ್ಗದ ಯಾವ ಹೊಸ ಬಡಾವಣೆಗೆ ಬೇಕಾದರೂ ಹೋಗಿ. ಮನೆ ಕಟ್ಟುವ ಜಾಗದಲ್ಲಿ ಕಂಬಿ ಕೆಲಸದವರು ಹಲಗೆಗೆ ಗಟ್ಟಿ ಮೊಳೆ ಹೊಡೆದು ಪಿಲ್ಲರಿನ ರಿಂಗು ಬಗ್ಗಿಸುತ್ತಿರುತ್ತಾರೆ. ಕೈ ಗಮನಿಸಿ. ತೊಂಬತ್ತು ಡಿಗ್ರಿಗೆ ನಿಲ್ಲುವುದಿಲ್ಲ, ಚೂರು ಮುಂದೆ ಹೋಗಿ ಬಿಡುತ್ತಾರೆ. ಕಂಬಿ ಹಿಂದೆ ಬಂದು ಸರಿಯಾಗಿ ಮೂಲೆಗೆ ಕೂರುತ್ತದೆ. ಬಗ್ಗಿಸುವಾಗ ಕಂಬಿಯ ಹೊರಮೈ ಎಳೆದುಕೊಂಡಿರುತ್ತದೆ, ಒಳಮೈ ಹಿಸುಕಿಕೊಂಡಿರುತ್ತದೆ. ಬಿಟ್ಟಾಗ ಹೊರಗಿನದು ಕುಗ್ಗಲು, ಒಳಗಿನದು ಹಿಗ್ಗಲು ಹೊರಡುತ್ತದೆ. ಎರಡೂ ಸೇರಿ ಮೂಲೆಯನ್ನು ತೆರೆಯುತ್ತವೆ!

ಹಳೆಯ ಕಾಲದ ನುಣುಪು ಕಂಬಿ ಮಾತು ಕೇಳುತ್ತಿತ್ತು, ಈಗಿನ ಟಿಎಂಟಿ ಕಂಬಿ ಕೇಳುವುದಿಲ್ಲ ಎಂದು ಹಿರಿಯ ಕೆಲಸಗಾರರು ಗೊಣಗುವುದುಂಟು. ಅವರ ಗೊಣಗಾಟದಲ್ಲಿ ಪಕ್ಕಾ ಭೌತವಿಜ್ಞಾನವಿದೆ! ಹಳೆಯ ಕಂಬಿಯ ಮಿತಿ 250, ಎಫ್‌ಇ 500 ದರ್ಜೆಯ ಇಂದಿನ ಕಂಬಿಯ ಮಿತಿ 500. ಬಿಗುವು ಮಾತ್ರ ಎರಡಕ್ಕೂ ಒಂದೇ, ಅದೇ 2 ಲಕ್ಷ. ಭಾಗಿಸಿ ನೋಡಿ, ಹಿಂದಿರುಗುವ ಪಾಲು ಸೀದಾ ಎರಡು ಪಟ್ಟು. ಉಕ್ಕನ್ನು ಎಷ್ಟು ಬಲಿಷ್ಠ ಮಾಡುತ್ತೇವೋ ಅಷ್ಟೂ ಅದು ಹಟಮಾರಿಯಾಗುತ್ತದೆ. ಪ್ರಪಂಚದ ದೊಡ್ಡ ಕಾರು ಕಂಪನಿಗಳ ತಲೆನೋವೂ ಇದೇ. ಕಾರು ಹಗುರವಾಗಲೆಂದು ತೆಳು, ಬಲಿಷ್ಠ ಉಕ್ಕಿನ ಹಾಳೆ ತಂದರು. ಅಚ್ಚಿನಿಂದ ತೆಗೆದ ಭಾಗ ಅಚ್ಚಿನಂತಿಲ್ಲ! ಹಾಗಾಗಿ ಅವರು ಕಂಪ್ಯೂಟರಿನಲ್ಲಿ ಹಿಂದಿರುಗುವ ಪಾಲನ್ನು ಮೊದಲೇ ಲೆಕ್ಕ ಹಾಕಿ ಅಚ್ಚನ್ನೇ ತಿರುಚಿ ಮಾಡಿಸುತ್ತಾರೆ, ತಪ್ಪು ಅಚ್ಚಿನಿಂದ ಸರಿಯಾದ ಬಾಗಿಲು ಬರಲೆಂದು.

ಇದೇ ಹಟ ಇನ್ನೊಂದು ಕಡೆ ಚಿನ್ನ! ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ರಿಪೇರಿಗೆ ನಿಂತ ಲಾರಿಯ ಕೆಳಗೆ ಬಗ್ಗಿ ನೋಡಿದರೆ ಒಂದರ ಮೇಲೊಂದು ಜೋಡಿಸಿದ ಬಾಗುಪಟ್ಟಿಗಳು ಕಾಣುತ್ತವೆ. ಸ್ಪ್ರಿಂಗ್ ಉಕ್ಕು. ಅದರ ಮಿತಿ ಸಾವಿರ ದಾಟುತ್ತದೆ, ಅಂದರೆ ಮೀಟರಿಗೆ ಐದು ಮಿಲಿಮೀಟರಿಗೂ ಹೆಚ್ಚು ವಾಪಸ್. ರಿಂಗಿನಲ್ಲಿ ತೊಂದರೆಯಾಗಿದ್ದ ಗುಣವೇ ಇಲ್ಲಿ ಬೆಲೆ ಕೊಟ್ಟು ಕೊಳ್ಳುವ ಸರಕು. ಗುಂಡಿ ಬಿದ್ದ ರಸ್ತೆಯಲ್ಲಿ ಕುಗ್ಗಿ, ಹಿಗ್ಗಿ, ಲಕ್ಷಾಂತರ ಸಲ ಮರಳಿ ಬರಬೇಕು. ಓವರ್‌ಲೋಡ್ ಹೇರಿ ಮಿತಿ ದಾಟಿಸಿದರೆ ಪಟ್ಟಿ ಚಪ್ಪಟೆಯಾಗಿಬಿಡುತ್ತದೆ. ಅದಕ್ಕೆ ಮತ್ತೆ ಬಾಗು ಕೊಟ್ಟು, ಗಟ್ಟಿತನ ಬರಲೆಂದು ಕಾಯಿಸಿ, ತಣಿಸಿ ಹದ ಮಾಡಬೇಕು.

ಮರಳೂ ಮರಳುತ್ತದೆ!

ಭದ್ರಾವತಿ–ಶಿವಮೊಗ್ಗ ರಸ್ತೆಯ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ. ಶಿವಮೊಗ್ಗದ ಎರಕದ ಕಾರ್ಖಾನೆಗಳಿಗೆ ಹೆಸರಾದ ಜಾಗ. ಇಲ್ಲಿ ಲೋಹಕ್ಕೆ ಮುಂಚೆ ಮರಳಿನ ಸರದಿ. ಸಿಲಿಕಾ ಮರಳು, ಬೆಂಟೊನೈಟ್ ಜೇಡಿ, ಕಲ್ಲಿದ್ದಲಿನ ಪುಡಿ, ಹದವಾಗಿ ನೀರು. ಈ ಮಿಶ್ರಣವನ್ನು ಪ್ಯಾಟರ್ನ್ ಎಂಬ ಮಾದರಿಯ ಸುತ್ತ ತುಂಬಿ ಯಂತ್ರ ಗಟ್ಟಿಯಾಗಿ ಒತ್ತುತ್ತದೆ. ಪ್ಯಾಟರ್ನ್ ಎತ್ತಿದರೆ ಒಳಗೆ ಖಾಲಿ ಆಕಾರ, ಅದರೊಳಕ್ಕೆ ಕರಗಿದ ಕಬ್ಬಿಣ.

ಮರಳಿಗೆ ಎಲ್ಲಿಯ ನೆನಪು ಅನ್ನುತ್ತೀರಾ? ಒತ್ತುವ ತಲೆ ಮೇಲೆದ್ದ ಕೂಡಲೇ ಮರಳಿನ ಅಚ್ಚು ಉಬ್ಬುತ್ತದೆ! ಒತ್ತಿದಾಗ ಕಣಕಣಗಳು ಒಂದಕ್ಕೊಂದು ಆನಿಕೊಂಡು ಸಣ್ಣ ಸಣ್ಣ ಕಮಾನುಗಳಾಗಿ ಬಿಗಿದಿರುತ್ತವೆ, ನಡುವಿನ ಒದ್ದೆ ಜೇಡಿಯ ಪೊರೆ ಹಿಸುಕಿಕೊಂಡಿರುತ್ತದೆ. ಬಲ ಹೋದಾಗ ಎರಡೂ ಸಡಿಲ. ಜೇಡಿ, ನೀರು ಹೆಚ್ಚುಕಮ್ಮಿಯಾದರೆ ಉಬ್ಬೂ ಹೆಚ್ಚುಕಮ್ಮಿ. ಪ್ಯಾಟರ್ನ್ ತೆಗೆದ ಖಾಲಿಯೊಳಕ್ಕೆ ಮರಳಿನ ಗೋಡೆ ಚೂರೇ ಚೂರು ಮುಂದೆ ಬಂದರೂ ಎರಕದ ಅಳತೆ ಬದಲು. ಫೌಂಡ್ರಿಗಳಲ್ಲಿ ಮರಳಿನ ತೇವವನ್ನು ದಿನವಿಡೀ ಅಳೆಯುತ್ತಲೇ ಇರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಮಾತ್ರೆ ಮಾಡುವ ಔಷಧ ಕಾರ್ಖಾನೆಗಳಲ್ಲೂ ಇದೇ ಕಾಟ. ಪುಡಿಯನ್ನು ಒತ್ತಿ ಮಾತ್ರೆ ಮಾಡಿ ಹೊರತಳ್ಳಿದಾಗ ಅದು ಹಿಗ್ಗುತ್ತದೆ. ಹಿಗ್ಗು ಜಾಸ್ತಿಯಾದರೆ ಮಾತ್ರೆಯ ತಲೆ ಟೋಪಿಯಂತೆ ಕಳಚಿಕೊಂಡು ಬರುತ್ತದೆ!

ಹಿಂಡಿದ ಕಬ್ಬು ಕುಡಿಯಿತು

ಮತ್ತೆ ಒಮ್ಮೆ ಭದ್ರಾವತಿಗೆ, ಈ ಸಲ ಕಾಗದದ ಕಡೆಗೆ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಮುಂದೆ ತನ್ನದೇ ಸಕ್ಕರೆ ಕಾರ್ಖಾನೆಯನ್ನೂ ಕಟ್ಟಿಕೊಂಡಿತು. ಭದ್ರಾ ಅಚ್ಚುಕಟ್ಟಿನ ಕಬ್ಬು ಒಳಕ್ಕೆ, ಸಕ್ಕರೆ ಒಂದು ಕಡೆ ಹೊರಕ್ಕೆ, ಉಳಿದ ಸಿಪ್ಪೆ ಕಾಗದಕ್ಕೆ. ಯಂತ್ರಗಳು ಈಗ ನಿಂತಿವೆ. ಆದರೆ ಕಬ್ಬಿನ ಗಾಣದ ಒಂದು ಗುಟ್ಟು ಕೇಳಿದರೆ ನೀವು ಕುರ್ಚಿಯಿಂದ ಎದ್ದು ನಿಲ್ಲುತ್ತೀರಿ!

ಸಕ್ಕರೆ ಕಾರ್ಖಾನೆಯ ರೋಲರುಗಳು ನೂರಾರು ಟನ್ ಬಲದಲ್ಲಿ ಕಬ್ಬು ಹಿಂಡುತ್ತವೆ. ಒಂದು ಗಾಣವಾದ ಮೇಲೆ ಇನ್ನೊಂದು, ನಾಲ್ಕೈದು ಗಾಣಗಳು ಸಾಲಾಗಿ. ಅಷ್ಟೆಲ್ಲ ಹಿಂಡಿ ಕೊನೆಗೆ ಹೊರಬಿದ್ದ ಸಿಪ್ಪೆಯನ್ನು ತೂಗಿ ನೋಡಿದರೆ ಅದರಲ್ಲಿ ಅರ್ಧದಷ್ಟು ನೀರು! ಇಷ್ಟು ಹಿಂಡಿದ ಮೇಲೂ ಅರ್ಧ ನೀರೇ? ಎಲ್ಲಿಂದ ಬಂತು?

ಸಿಪ್ಪೆಯೇ ಕುಡಿದದ್ದು! ರೋಲರುಗಳ ನಡುವಿನ ಕಿರಿದಾದ ಜಾಗದಲ್ಲಿ ನಾರು ತನ್ನೆಲ್ಲ ಟೊಳ್ಳು ಕಳೆದುಕೊಂಡು ಹಿಸುಕಿರುತ್ತದೆ. ಹೊರಕ್ಕೆ ಕಾಲಿಟ್ಟದ್ದೇ ತಡ, ನಾರು ಹಿಗ್ಗತೊಡಗುತ್ತದೆ. ಹಿಗ್ಗಿದಲ್ಲಿ ಟೊಳ್ಳು, ಟೊಳ್ಳಿದ್ದಲ್ಲಿ ಹೀರುವಿಕೆ. ಆಗಷ್ಟೇ ಪಕ್ಕದಲ್ಲಿ ಚಿಮ್ಮಿದ ರಸವನ್ನು ಗಟಗಟನೆ ವಾಪಸ್ ಎಳೆದುಕೊಳ್ಳುತ್ತದೆ. ಒತ್ತಡದಲ್ಲಿ ರಸ ರೋಲರಿಗಿಂತ ವೇಗವಾಗಿ ಮುಂದಕ್ಕೂ ನುಗ್ಗಿರುತ್ತದೆ, ಹಾಗಾಗಿ ಹೀರಲು ರಸ ಸಿಕ್ಕೇ ಸಿಗುತ್ತದೆ. ಸಕ್ಕರೆ ಎಂಜಿನಿಯರುಗಳು ಈ ಮರುಹೀರಿಕೆಗೇ ಪ್ರತ್ಯೇಕ ಲೆಕ್ಕ ಇಟ್ಟಿದ್ದಾರೆ. ಎಷ್ಟು ಒತ್ತಿದಿರಿ ಎಂಬುದರ ಜೊತೆಗೆ ಎಷ್ಟು ವಾಪಸ್ ಕೊಟ್ಟಿರಿ ಎಂಬುದೂ ಸಕ್ಕರೆಯ ಇಳುವರಿಯನ್ನು ನಿರ್ಧರಿಸುತ್ತದೆ!

ಈ ಕಳ್ಳನನ್ನು ಹಿಡಿಯಲಾಗದಿದ್ದರೆ ಕೆಲಸಕ್ಕೆ ಹಚ್ಚಿಬಿಡಿ. ಹೇಗೆ? ಸಿಪ್ಪೆ ಹೇಗೂ ಬಾಯಿ ತೆರೆದುಕೊಂಡು ಹೊರಬರುತ್ತದೆ, ಆಗಲೇ ಅದರ ಮೇಲೆ ನೀರು ಚಿಮುಕಿಸಿ. ನಾರಿನ ಆಳಕ್ಕೆ ನೀರು ಹೋಗಿ, ಅಲ್ಲಿ ಉಳಿದ ಸಕ್ಕರೆಯನ್ನು ಕರಗಿಸಿಕೊಂಡು, ಮುಂದಿನ ಗಾಣದಲ್ಲಿ ಹೊರಬೀಳುತ್ತದೆ. ಅಲ್ಲಿ ಬಂದ ತೆಳು ರಸವನ್ನು ಹಿಂದಿನ ಗಾಣದ ಸಿಪ್ಪೆಗೆ ಸುರಿಯುತ್ತಾರೆ. ಪ್ರಪಂಚದ ಎಷ್ಟೋ ಸಕ್ಕರೆ ಕಾರ್ಖಾನೆಗಳು ಇಂದಿಗೂ ಮಾಡುವುದು ಇದನ್ನೇ. ನಾರಿನ ಮರಳುವ ಹಂಬಲವೇ ಅಲ್ಲಿ ಪುಕ್ಕಟೆ ಪಂಪು!

ಅದೇ ಸಿಪ್ಪೆಯಿಂದಾದ ಕಾಗದವನ್ನು ಭಾರೀ ಉಕ್ಕಿನ ಉರುಳೆಗಳ ನಡುವೆ ಹಾಯಿಸಿ ನುಣುಪು ಮಾಡುವಾಗಲೂ ನಾರು ಒಂದಿಷ್ಟು ಚಪ್ಪಟೆಯಾಗಿ ಒಂದಿಷ್ಟು ಮರಳುತ್ತದೆ. ಮುದ್ರಣ ಯಂತ್ರದಲ್ಲಿ ಕ್ಷಣಮಾತ್ರ ಅದುಮಿಕೊಂಡು ಶಾಯಿ ಹಿಡಿದು ಮತ್ತೆ ಉಬ್ಬುವ ಕಾಗದವೇ ಅಚ್ಚಿಗೆ ಒಳ್ಳೆಯ ಕಾಗದ. ಬೆಳಗಿನ ಪತ್ರಿಕೆಯ ಪ್ರತಿ ಅಕ್ಷರವೂ ಇಂಥ ಒಂದು ಒತ್ತು, ಒಂದು ವಾಪಸಿನ ಗುರುತು.

ಹಾಳೆ ಹೇಳಿಕೊಟ್ಟ ಪಾಠ

ಈಗ ಬಂದೆವು ನೋಡಿ, ಈ ರಸ್ತೆಯ ಅತಿ ದೊಡ್ಡ ಅದ್ಭುತಕ್ಕೆ. ಅದು ಯಾವ ಕುಲುಮೆಯಲ್ಲೂ ಇಲ್ಲ. ಅಡಿಕೆ ಮರದಿಂದ ತಾನಾಗಿ ಉದುರಿ ತೋಟದಲ್ಲಿ ಬಿದ್ದಿರುತ್ತದೆ!

ಅಡಿಕೆ ಹಾಳೆ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಒಣಗಿದ ಹಾಳೆಯನ್ನು ಕೈಯಲ್ಲಿ ಬಗ್ಗಿಸಲು ನೋಡಿ, ಒಂದೋ ಚಟ್ಟನೆ ಸೀಳುತ್ತದೆ, ಇಲ್ಲವೋ ಪಟ್ಟು ಹಿಡಿದು ಹಳೆಯ ಸುರುಳಿಗೇ ಮರಳುತ್ತದೆ. ಉದ್ದಕ್ಕೆ ಗಟ್ಟಿ ನಾರು, ನಾರಿನ ನಡುವೆ ಲಿಗ್ನಿನ್ ಎಂಬ ಅಂಟು. ನಾರು ಸ್ಪ್ರಿಂಗಿನ ಹಾಗೆ, ಲಿಗ್ನಿನ್ ಗಾಜಿನ ಹಾಗೆ ಗಟ್ಟಿ. ಇಂಥದ್ದರಿಂದ ತಟ್ಟೆ ಮಾಡುವುದುಂಟೇ?

ಉಂಟು! ಹಾಳೆಯನ್ನು ನೀರಿನಲ್ಲಿ ನೆನೆಸುತ್ತಾರೆ. ತೊಳೆದು, ನೀರು ಬಸಿದು, ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ನೂರು ಡಿಗ್ರಿಯ ಆಸುಪಾಸಿನ ಬಿಸಿ, ಒಂದು ನಿಮಿಷಕ್ಕೂ ಕಮ್ಮಿ ಹೊತ್ತು. ಸುಯ್ಯೆಂದು ಹಬೆ. ಅಚ್ಚು ತೆರೆದರೆ ಗರಿಗರಿಯಾದ ತಟ್ಟೆ, ಅಂಚು ಕತ್ತರಿಸಿಯೇ ಹೊರಬಂದಿರುತ್ತದೆ. ಅಂಟಿಲ್ಲ, ರಾಸಾಯನಿಕವಿಲ್ಲ, ಆದರೂ ಸುರುಳಿಯ ನೆನಪು ಮಾಯ!

ಏನಾಯಿತು ಆ ನಿಮಿಷದೊಳಗೆ? ಒಣಗಿದ ಲಿಗ್ನಿನ್ ಮೆತ್ತಗಾಗಲು ನೂರು ಡಿಗ್ರಿಗಿಂತ ಎಷ್ಟೋ ಹೆಚ್ಚು ಬಿಸಿ ಬೇಕು. ನೀರು ಕುಡಿದ ಲಿಗ್ನಿನ್ ನೂರರ ಒಳಗೇ ಮೆದುವಾಗುತ್ತದೆ! ನೀರು ಅಣುಗಳ ನಡುವೆ ಹೊಕ್ಕು ಅವುಗಳ ಕೈಹಿಡಿತ ಬಿಡಿಸುತ್ತದೆ, ಬಿಸಿ ಅವುಗಳನ್ನು ಕುಣಿಸುತ್ತದೆ. ಹಾಗೆ ಸಡಿಲಾದ ಗಳಿಗೆಯಲ್ಲಿ ಅಚ್ಚು ಹೊಸ ಆಕಾರ ಹೇಳುತ್ತದೆ, ನಾರು ಜರುಗಿ ಹೊಂದಿಕೊಳ್ಳುತ್ತದೆ. ಒತ್ತಿ ಹಿಡಿದಿದ್ದಂತೆಯೇ ನೀರು ಹಬೆಯಾಗಿ ಹೊರಟುಹೋಗುತ್ತದೆ. ಹೋಗುವಾಗ ಅಣುಗಳು ಮತ್ತೆ ಕೈ ಹಿಡಿಯುತ್ತವೆ, ಆದರೆ ಈ ಸಲ ಹೊಸ ನೆರೆಯವರ ಕೈ! ನೀರು ಒಳಗೆ ಬಂದದ್ದು ನೆನಪು ಸಡಿಲಿಸಲು, ಹೊರಗೆ ಹೋದದ್ದು ಹೊಸ ನೆನಪಿಗೆ ಬೀಗ ಹಾಕಲು. ರೋಲಿಂಗ್ ಮಿಲ್ಲಿನ ಸೂತ್ರ ನೆನಪಿದೆಯೇ? ಉಕ್ಕಿಗೆ ಸಾವಿರ ಡಿಗ್ರಿ ಬೇಕಾದ ಮರೆವನ್ನು ಹಾಳೆಗೆ ಒಂದು ಬಕೆಟ್ ನೀರು, ನೂರು ಡಿಗ್ರಿ ತಂದುಕೊಡುತ್ತದೆ.

ಆತುರ ಪಟ್ಟು ಬೇಗ ಅಚ್ಚು ತೆರೆದಿರೋ, ಕೆಟ್ಟಿತು. ಒಳಗೆ ತೇವ ಉಳಿದಿರುತ್ತದೆ, ಬೀಗ ಬಿದ್ದಿರುವುದಿಲ್ಲ, ತಟ್ಟೆ ಮೆಲ್ಲಗೆ ಸೊಟ್ಟಗಾಗುತ್ತದೆ. ಅದೂ ಮನಬಂದಂತಲ್ಲ. ನಾರಿನ ಉದ್ದಕ್ಕೆ ಹಾಳೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಚೆನ್ನಾಗಿ ಕುಗ್ಗುತ್ತದೆ. ಹಾಗಾಗಿ ಸೊಟ್ಟ ತಟ್ಟೆಯ ಬಾಗು ಮರದ ಮೇಲೆ ಹಾಳೆ ಯಾವ ದಿಕ್ಕಿನಲ್ಲಿ ಸುತ್ತಿಕೊಂಡಿತ್ತೆಂದು ಹೇಳಿಬಿಡುತ್ತದೆ! ಹೆಚ್ಚು ಹೊತ್ತು ಬಿಟ್ಟರೆ ಇನ್ನೊಂದು ಬಗೆಯ ನಷ್ಟ, ಹಾಳೆ ಕಂದಿ ಸೀಯುತ್ತದೆ. ಬಲ, ಬಿಸಿ, ನೀರು, ಹೊತ್ತು. ನಾಲ್ಕರ ಹದ ಸೇರುವ ಚಿಕ್ಕ ಕಿಂಡಿಯಲ್ಲೇ ಒಳ್ಳೆಯ ತಟ್ಟೆಯಿದೆ. ಪ್ರೆಸ್ಸಿನ ಮುಂದೆ ನಿಂತ ಹೆಂಗಸರು ಹಬೆಯ ಸದ್ದು ತಗ್ಗಿದ್ದನ್ನು ಕೇಳಿಯೇ ಅಚ್ಚು ಎತ್ತುತ್ತಾರೆ ಎಂದರೆ ಅದು ನೀರು ಹೋಯಿತೆಂಬುದರ ಅಳತೆ, ಪಕ್ಕಾ ಪ್ರಯೋಗಾಲಯದ ಅಳತೆ!

ಬೀಗದ ಬಗ್ಗೆ ಒಂದು ರೋಮಾಂಚಕ ಸಂಗತಿ ಇದೆ. ನೀರು ಹಾಕಿದ ಬೀಗವನ್ನು ನೀರೇ ತೆಗೆಯಬಲ್ಲದು. ತಟ್ಟೆಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಯಲು ಬಿಡಿ, ಮೂಲೆಗಳು ಸಡಿಲಾಗಿ ಆಕಾರ ಹಳೆಯ ದಿಕ್ಕಿಗೆ ಹೊರಡುತ್ತದೆ. ಒತ್ತಿ ದಪ್ಪ ಇಳಿಸಿದ ಮರದ ಹಲಗೆಯನ್ನು ನೀರಿನಲ್ಲಿ ಕುದಿಸಿದರೂ ಹಾಗೆಯೇ, ಕಳೆದುಕೊಂಡ ದಪ್ಪದಲ್ಲಿ ಬಹುಪಾಲನ್ನು ಅದು ಮತ್ತೆ ಗಳಿಸಿಕೊಳ್ಳುತ್ತದೆ. ಒತ್ತಿ ಎಷ್ಟು ಕಾಲವಾಗಿದ್ದರೂ ಸರಿ! ಈ ಹಟ ಮುರಿಯಲು ಜಪಾನಿನ ಮರವಿಜ್ಞಾನಿಗಳು 1990ರ ದಶಕದಲ್ಲಿ ದಾರಿ ತೋರಿಸಿದರು. ಒತ್ತಿದ ಮರಕ್ಕೆ 180ರಿಂದ 200 ಡಿಗ್ರಿಯ ಹಬೆಯನ್ನು ಕೆಲವೇ ನಿಮಿಷ ಕೊಟ್ಟರೆ ಆಮೇಲೆ ಎಷ್ಟು ನೆನೆಸಿದರೂ ಅದು ಮರಳುವುದಿಲ್ಲ. ಅಷ್ಟು ಬಿಸಿಯಲ್ಲಿ ನಾರಿನ ನಡುವಿನ ಕೆಲವು ಕೊಂಡಿಗಳೇ ಕಡಿದುಹೋಗಿ, ಮರಳಲು ಬೇಕಾದ ಎಳೆತವೇ ಇಲ್ಲವಾಗುತ್ತದೆ.

ವಾಪಸಿನಲ್ಲಿದೆ ಗುಟ್ಟು

ಇಷ್ಟು ದಾರಿ ಸುತ್ತಿದ ಮೇಲೆ ಒಂದು ಮಾತು ಹೊಳೆಯದೆ ಇರದು. ವಸ್ತುವನ್ನು ಒತ್ತುವಾಗ ಮಾತಾಡುವವರು ನಾವು. ಬಿಟ್ಟಾಗ ಮಾತಾಡುವುದು ವಸ್ತು. ತಾನೆಷ್ಟು ಬಲಿಷ್ಠ, ಎಷ್ಟು ಬಿಗು, ಎಷ್ಟು ಒದ್ದೆ, ಎಷ್ಟು ಬೆಂದಿದೆ, ಎಲ್ಲವನ್ನೂ ಅದು ಆ ಒಂದು ಹೆಜ್ಜೆಯ ವಾಪಸಿನಲ್ಲೇ ಒದರಿಬಿಡುತ್ತದೆ!

ಇದು ಬರಿಯ ಮಾತಲ್ಲ. 1992ರಲ್ಲಿ ಅಮೆರಿಕದ ವಾರೆನ್ ಆಲಿವರ್, ಜಾರ್ಜ್ ಫಾರ್ ಎಂಬಿಬ್ಬರು ವಿಜ್ಞಾನಿಗಳು ಕೂದಲಿಗಿಂತ ಎಷ್ಟೋ ಚಿಕ್ಕದಾದ ವಜ್ರದ ಮೊನೆಯಿಂದ ವಸ್ತುವಿನ ಮೇಲೆ ಒಂದು ಕುಳಿ ಒತ್ತಿ ಅದರ ಗುಣ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಅದೇ ವಿಧಾನ. ಬಿಗುವನ್ನು ಅವರು ಓದುವುದು ಎಲ್ಲಿಂದ ಗೊತ್ತೇ? ಬಲಕ್ಕೂ ಆಳಕ್ಕೂ ನಕ್ಷೆ ಬರೆದರೆ, ಮೊನೆ ಒಳಗಿಳಿಯುವ ಗೆರೆಯಲ್ಲಿ ಸ್ಥಿತಿಸ್ಥಾಪಕ ಪಾಲೂ ಶಾಶ್ವತ ಪಾಲೂ ಕಲಸಿಹೋಗಿರುತ್ತವೆ. ಮೊನೆ ಮೇಲೇಳುವಾಗ ಕುಳಿ ಅದರ ಬೆನ್ನಟ್ಟಿ ಮೇಲೆ ಬರುತ್ತದಲ್ಲ, ಆ ಗೆರೆಯ ಮೊದಲ ಇಳಿಜಾರಿನಿಂದ!

ಹೊಸ ಕಾಲದ ತಗಡು ಬಗ್ಗಿಸುವ ಯಂತ್ರಗಳೂ ಇದೇ ದಾರಿ ಹಿಡಿದಿವೆ. ಒಮ್ಮೆ ಬಗ್ಗಿಸಿ, ಬಲ ಸಡಿಲಿಸಿ, ತಗಡು ಎಷ್ಟು ವಾಪಸ್ ಬಂತೆಂದು ಸೆನ್ಸರಿನಿಂದ ಅಳೆದು, ಅಷ್ಟನ್ನು ಸೇರಿಸಿ ಮತ್ತೆ ಬಗ್ಗಿಸುತ್ತವೆ. ಒಂದೇ ಕಂಪನಿಯ ಒಂದೇ ದರ್ಜೆಯ ತಗಡಾದರೂ ಲಾಟಿನಿಂದ ಲಾಟಿಗೆ ಬಲ ಒಂದಿಷ್ಟು ಬದಲಾಗುತ್ತದೆ, ಆದ್ದರಿಂದ ಪುಸ್ತಕದ ಅಂಕಿಗಿಂತ ಕೈಯಲ್ಲಿರುವ ತಗಡಿನ ಉತ್ತರವೇ ನಂಬಿಕಸ್ತ. ಶಿವಮೊಗ್ಗದ ಕಂಬಿ ಕೆಲಸದವರು ಹೊಸ ಲೋಡು ಇಳಿದ ದಿನ ಮಾಡುವುದೂ ಇದನ್ನೇ ಅಲ್ಲವೇ! ಮೊದಲ ರಿಂಗು ಬಗ್ಗಿಸುತ್ತಾರೆ, ಬಿಡುತ್ತಾರೆ, ಎಷ್ಟು ತೆರೆದುಕೊಂಡಿತೆಂದು ಕಣ್ಣಳತೆಯಲ್ಲಿ ನೋಡುತ್ತಾರೆ, ಹಲಗೆಯ ಮೇಲಿನ ಗುರುತನ್ನು ಚೂರು ಸರಿಸುತ್ತಾರೆ. ಅಲ್ಲಿಂದ ಮುಂದೆ ನೂರು ರಿಂಗುಗಳೂ ಮೂಲೆಗೆ ಮೂಲೆ. ಕೋಟಿಗಟ್ಟಲೆ ರೂಪಾಯಿಯ ಯಂತ್ರಕ್ಕೆ ಎಂಜಿನಿಯರುಗಳು ಕಲಿಸಿದ ಬುದ್ಧಿ, ವಸ್ತುವನ್ನು ಕೇಳಿ ಆಮೇಲೆ ಒತ್ತು ಎಂಬ ಬುದ್ಧಿ, ಈ ಕೈಗಳಿಗೆ ಮೊದಲೇ ಗೊತ್ತಿತ್ತು!